ಕಣ್ಣಿಲ್ಲದ ಓದುಗ

ಮೇಷ್ಟ್ರು ನಿವೃತ್ತರಾದ ಮೇಲೆ, 2009ರಲ್ಲಿ, ತಾಯಿ ಹಾಡುತ್ತಿದ್ದ ಬೀಸುವ ಪದಗಳಿಗೊಂದು ವೆಬ್‌ಸೈಟ್ ಮಾಡಿಸಿದರು. ಕೆಲವು ಪದ ಅರ್ಧಕ್ಕೇ ನಿಂತಿದ್ದವು. ಉಳಿದ ಸಾಲು ಬಲ್ಲವರು ಎಲ್ಲಿಂದಲಾದರೂ ಬರೆದಾರು ಎಂಬುದೇ ಅವರ ಆಸೆ.

ಮಾಡಿಕೊಟ್ಟ ಹುಡುಗ ಚುರುಕು. ಮುಖಪುಟದಲ್ಲಿ ಬೀಸುಕಲ್ಲು ಗರಗರ ತಿರುಗುತ್ತಿತ್ತು. (ಫ್ಲ್ಯಾಶ್‌ನ ಕಲ್ಲು. 2020ರ ಕೊನೆಗೆ ಫ್ಲ್ಯಾಶೇ ಕಣ್ಮುಚ್ಚಿತು, ಬಿಡಿ.) ನೋಡಿದವರೆಲ್ಲ ಭೇಷ್ ಎಂದರು. ಪತ್ರ ಮಾತ್ರ ಒಂದೂ ಬರಲಿಲ್ಲ.

ವರ್ಷಗಳ ಮೇಲೆ ರಜೆಗೆ ಬಂದ ಮಗಳು ಅಜ್ಜಿಯ ಒಂದು ಸಾಲನ್ನು ಗೂಗಲ್‌ನಲ್ಲಿ ಹುಡುಕಿದಳು. ಇಲ್ಲ! ಇನ್ನೊಂದು ಸಾಲು. ಅದೂ ಇಲ್ಲ. ಮೇಷ್ಟ್ರಿಗೆ ಅಂದು ಊಟ ಸೇರಲಿಲ್ಲ.

ಶೀರ್ಷಿಕೆಗಳೆಲ್ಲ ಬರಿಯ ಚಿತ್ರಗಳಾಗಿದ್ದವು. ಅದು ಸಣ್ಣ ತಪ್ಪು. ಪದಗಳನ್ನು ನುಡಿಯ ಹಳೆಯ ಫಾಂಟಿನಲ್ಲಿ ಕೂಡಿಸಿದ್ದೇ ದೊಡ್ಡದು. ಆ ಫಾಂಟು ಕನ್ನಡವನ್ನು ರೋಮನ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗಿಡುತ್ತದೆ. ಕಣ್ಣಿಗೆ ಕಾಣುವುದು ‘ಕ’, ಒಳಗಿರುವುದು ‘ಪಿ’ ಮತ್ತು ತಲೆಯ ಮೇಲೆ ಗೀಟು ಹೊತ್ತ ‘ಎ’. ಹುಡುಕುವ ಯಂತ್ರಕ್ಕೆ ಕಣ್ಣೆಲ್ಲಿದೆ? ಅದು ಓದುವುದು ಒಳಗಿನದನ್ನೇ. ಅದರ ಪಾಲಿಗೆ ಅಲ್ಲಿ ಬೀಸುವ ಪದವೂ ಇರಲಿಲ್ಲ, ಕನ್ನಡವೂ ಇರಲಿಲ್ಲ. ಯೂನಿಕೋಡ್ ಕನ್ನಡಕ್ಕೆ ಸ್ವಂತ ಜಾಗ ಕೊಟ್ಟದ್ದು 1991ರಲ್ಲೇ!

ಪರಿವರ್ತಕ ತಂತ್ರಾಂಶ ಅಲ್ಲಲ್ಲಿ ಒತ್ತಕ್ಷರ ಕೆಡಿಸಿತು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಒಂದೊಂದಾಗಿ ತಿದ್ದಿದರು. ಪುಟಪುಟಕ್ಕೂ ಆಯಾ ಪದದ ಮೊದಲ ಸಾಲನ್ನೇ ಹೆಸರಾಗಿಟ್ಟರು.

ಮೂರನೆಯ ತಿಂಗಳಿಗೆ ಹಿರಿಯೂರಿನ ಕಡೆಯಿಂದ ಒಂದು ಕಾಗದ ಬಂತು. ಅರ್ಧ ನಿಂತ ಪದವೊಂದು ತಮ್ಮಜ್ಜಿಗೆ ಪೂರಾ ಬರುತ್ತಿತ್ತಂತೆ. ಅಜ್ಜಿ ತೀರಿಕೊಂಡು ಎರಡು ವರ್ಷ. ನೆನಪಿದ್ದ ಎರಡು ಸಾಲು ಕೆಳಗೆ ಬರೆದಿದ್ದರು.