‘ಒಳ್ಳೆಯ ಕೊಲೆಸ್ಟ್ರಾಲ್’: ನಾನು ಎರಡು ಸಲ ಮಾಡಿದ ಪಾಠ

ಬೋಧನಾಭ್ಯಾಸದ ಮೂರನೆಯ ವಾರ ಹತ್ತನೆಯ ತರಗತಿಯಲ್ಲಿ ರಕ್ತ ಪರಿಚಲನೆಯ ಪಾಠ ನನ್ನ ಪಾಲಿಗೆ ಬಂತು. ಹೃದಯದ ನಾಲ್ಕು ಕೋಣೆಗಳನ್ನು ಬಣ್ಣದ ಸೀಮೆಸುಣ್ಣದಲ್ಲಿ ಬಿಡಿಸಿ ವಿವರಿಸಿದ ಮೇಲೂ ಎಂಟು ನಿಮಿಷ ಉಳಿದಿತ್ತು. ‘ನಿತ್ಯಜೀವನಕ್ಕೆ ಅನ್ವಯ’ ಎಂದು ಪಾಠಯೋಜನೆಯಲ್ಲಿ ಬರೆಯುತ್ತೇವಲ್ಲ, ಅದಕ್ಕೆಂದು ಕೊಲೆಸ್ಟ್ರಾಲ್ ವಿಷಯ ಇಟ್ಟುಕೊಂಡಿದ್ದೆ.

“ರಕ್ತನಾಳ ಅಂದರೆ ಬೀದಿ. ಎಲ್‌ಡಿಎಲ್ ಕಸ ಸುರಿಯುವ ಗಾಡಿ, ಎಚ್‌ಡಿಎಲ್ ಕಸ ಎತ್ತುವ ಗಾಡಿ. ಎತ್ತುವ ಗಾಡಿ ಹೆಚ್ಚಿದ್ದಷ್ಟೂ ಬೀದಿ ಚೊಕ್ಕಟ, ಹೃದಯಕ್ಕೆ ಭಯವಿಲ್ಲ” ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಬೆಳಿಗ್ಗೆ ಬರುವ ಕಸದ ಗಾಡಿಯ ಹಾಡು ಗುನುಗಿದ. ತರಗತಿ ನಕ್ಕಿತು. ವೀಕ್ಷಣೆಗೆ ಕೂತಿದ್ದ ಸಹಪಾಠಿ ‘ಹೋಲಿಕೆ ಬಹಳ ಪರಿಣಾಮಕಾರಿ’ ಎಂದು ಬರೆದಳು. ಪರಿಣಾಮ ಏನೆಂದು ನಾಲ್ಕನೆಯ ದಿನ ಗೊತ್ತಾಯಿತು.

ಆ ದಿನ ಹುಡುಗಿಯೊಬ್ಬಳು ಮಡಿಸಿದ ಕಾಗದ ಹಿಡಿದು ಶಿಕ್ಷಕರ ಕೊಠಡಿಯ ಬಾಗಿಲಲ್ಲಿ ನಿಂತಳು. “ಮಿಸ್, ಇದು ನಮ್ಮಪ್ಪನ ರಿಪೋರ್ಟು. ಎಚ್‌ಡಿಎಲ್ 64 ಇದೆ. ಗಂಡಸರಿಗೆ 40ಕ್ಕಿಂತ ಜಾಸ್ತಿ ಇದ್ದರೆ ಸಾಕು ಅಂತ ಪಕ್ಕದಲ್ಲೇ ಹಾಕಿದಾರೆ. ಅಂದರೆ ಎತ್ತೋ ಗಾಡಿ ಬೇಕಾದಷ್ಟಿದೆ ಅಲ್ವಾ ಮಿಸ್? ನೀವು ಹೇಳಿದ್ದನ್ನ ಮನೇಲಿ ಹೇಳ್ದೆ. ಅಪ್ಪ ಮಾತ್ರೆ ಬಿಟ್ಟಿದಾರೆ.” ಅದೇ ಹಾಳೆಯಲ್ಲಿ ಎಲ್‌ಡಿಎಲ್ 170 ಎಂದಿತ್ತು. ಅವಳ ಮುಖದಲ್ಲಿ ಅಪ್ಪನಿಗೆ ಉಪಕಾರ ಮಾಡಿದ ಸಂತೋಷವಿತ್ತು. ನಾನು ಡಾಕ್ಟರಲ್ಲ. “ಮಿಸ್ ತಪ್ಪು ಹೇಳಿದ್ದರಂತೆ ಅಂತ ಅಪ್ಪನಿಗೆ ಹೇಳು. ಮಾತ್ರೆ ವಿಚಾರ ಇವತ್ತೇ ಡಾಕ್ಟರನ್ನ ಕೇಳಲಿ” ಎಂದು ಚೀಟಿ ಬರೆದುಕೊಟ್ಟೆ. ನನ್ನ ಕೈ ಸಣ್ಣಗೆ ನಡುಗುತ್ತಿತ್ತು.

ಸಂಜೆ ವಿಜ್ಞಾನ ಬೋಧನಾ ವಿಧಾನದ ಮೇಡಂ ಹತ್ತಿರ ಹೋದೆ. ಬೈಗುಳಕ್ಕೆ ತಯಾರಾಗಿದ್ದೆ, ಅವರು ಕೇಳಿದ್ದು ಒಂದೇ ಪ್ರಶ್ನೆ. “ಗಾಡಿ ಎಷ್ಟಿವೆ ಅಂತ ಎಣಿಸಿದಿರಿ. ಎಷ್ಟು ಕಸ ಎತ್ತಿದವು ಅಂತ ಯಾರು ನೋಡಿದರು?” ಆ ವಾರವೆಲ್ಲ ಅದರ ಉತ್ತರ ಹುಡುಕಿ ಓದಿದೆ.

ನನ್ನ ಮಾತು ಪೂರ್ತಿ ಗಾಳಿಮಾತೇನಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಲ್ಲಿ ಆರಂಭವಾದ ಅಧ್ಯಯನ, ಎಚ್‌ಡಿಎಲ್ ಕಡಿಮೆ ಇದ್ದವರಿಗೆ ಹೃದಯರೋಗ ಹೆಚ್ಚು ಎಂದು 1977ರಲ್ಲಿ ತೋರಿಸಿತು. ಕೆಲಸದ ವಿವರಣೆಯೂ ಇದೆ. ಯಕೃತ್ತು ಮತ್ತು ಕರುಳಿನಲ್ಲಿ ಹುಟ್ಟುವ ಎಚ್‌ಡಿಎಲ್ ಕಣಗಳು ಅಪಧಮನಿಯ ಗೋಡೆಯಲ್ಲಿ ಕೊಬ್ಬು ತುಂಬಿಕೊಂಡು ಕೂತ ಜೀವಕೋಶಗಳಿಂದ ಕೊಲೆಸ್ಟ್ರಾಲ್ ಪಡೆದು ಯಕೃತ್ತಿಗೆ ಮುಟ್ಟಿಸುತ್ತವೆ. ಅಲ್ಲಿಂದ ಅದು ಪಿತ್ತರಸದ ಮೂಲಕ ಹೊರಹೋಗುತ್ತದೆ. ಹಾಗಾದರೆ ಎಚ್‌ಡಿಎಲ್ ಏರಿಸಿದರೆ ಹೃದಯಾಘಾತ ಇಳಿಯಬೇಕು. ನಾನು ಹೇಳಿದ್ದೂ ಅದನ್ನೇ, ದೊಡ್ಡ ಔಷಧ ಕಂಪನಿಗಳು ನಂಬಿದ್ದೂ ಅದನ್ನೇ.

ಟಾರ್ಸೆಟ್ರಾಪಿಬ್ ಎಂಬ ಔಷಧವನ್ನು 15,067 ಜನರ ಮೇಲೆ ನಡೆದ ಪ್ರಯೋಗದಲ್ಲಿ ಪರೀಕ್ಷಿಸಿದರು. ಒಂದು ವರ್ಷದಲ್ಲಿ ಎಚ್‌ಡಿಎಲ್ ಶೇ. 72ರಷ್ಟು ಏರಿತು. ಆದರೆ ಔಷಧ ಪಡೆದ ಗುಂಪಿನಲ್ಲಿ 93 ಸಾವು, ಪಡೆಯದ ಗುಂಪಿನಲ್ಲಿ 59. 2006ರ ಡಿಸೆಂಬರ್‌ನಲ್ಲಿ ಪ್ರಯೋಗವನ್ನೇ ನಿಲ್ಲಿಸಿದರು. ಆ ಔಷಧ ರಕ್ತದೊತ್ತಡ ಏರಿಸುತ್ತಿತ್ತು, ಹಾಗಾಗಿ ಇದೊಂದರಿಂದಲೇ ತೀರ್ಪು ಕೊಡಲಾಗದು. ಆದರೆ ನಯಾಸಿನ್ ಕೊಟ್ಟು ಎಚ್‌ಡಿಎಲ್ ಏರಿಸಿದ ಇನ್ನೊಂದು ಪ್ರಯೋಗವೂ ಪ್ರಯೋಜನ ಕಾಣದೆ 2011ರಲ್ಲಿ ನಿಂತಿತು. 2012ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನ ನನಗೆ ಎಲ್ಲಕ್ಕಿಂತ ಸ್ಪಷ್ಟ ಎನಿಸಿತು: ಒಂದು ವಂಶವಾಹಿಯ ವ್ಯತ್ಯಾಸದಿಂದ ಹುಟ್ಟಿನಿಂದಲೇ ಎಚ್‌ಡಿಎಲ್ ಹೆಚ್ಚಿರುವವರಿಗೂ ಹೃದಯಾಘಾತವೇನೂ ಕಡಿಮೆ ಇರಲಿಲ್ಲ. ಅತ್ತ ಎಲ್‌ಡಿಎಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ 4,444 ಹೃದ್ರೋಗಿಗಳಲ್ಲಿ ಸಾವನ್ನು ಶೇ. 30ರಷ್ಟು ತಗ್ಗಿಸಿದ್ದು 1994ರಷ್ಟು ಹಿಂದೆಯೇ ಗೊತ್ತಾಗಿತ್ತು.

ಮೇಡಂ ಪ್ರಶ್ನೆಯ ಉತ್ತರ ರಿಪೋರ್ಟಿನಲ್ಲೇ ಇತ್ತು. ಅಲ್ಲಿನ 64 ಗಾಡಿಗಳ ಲೆಕ್ಕವೂ ಅಲ್ಲ. ಒಂದು ಡೆಸಿಲೀಟರ್ ರಕ್ತದ ಎಚ್‌ಡಿಎಲ್ ಕಣಗಳೊಳಗೆ ಆ ಹೊತ್ತಿಗೆ ಕೂತಿರುವ ಕೊಲೆಸ್ಟ್ರಾಲ್ ಎಷ್ಟು ಮಿಲಿಗ್ರಾಂ ಎಂಬುದಷ್ಟೇ. ತುಂಬಿದ ಗಾಡಿ ಓಡುತ್ತಿದೆಯೋ ತಿರುವಿನಲ್ಲಿ ನಿಂತಿದೆಯೋ ಅದರಿಂದ ತಿಳಿಯದು. ಟಾರ್ಸೆಟ್ರಾಪಿಬ್ ಮಾಡುತ್ತಿದ್ದುದು ಎಚ್‌ಡಿಎಲ್‌ನಿಂದ ಬೇರೆ ಕಣಗಳಿಗೆ ಸರಕು ದಾಟದಂತೆ ತಡೆಯುವುದನ್ನು. ಒಳಗಿನ ಸರಕು ಹೆಚ್ಚಿತು, ಅಂಕಿ ಏರಿತು. ಇನ್ನು, ಕೊಲೆಸ್ಟ್ರಾಲನ್ನು ‘ಕಸ’ ಎಂದದ್ದೇ ತಪ್ಪು. ಜೀವಕೋಶದ ಪೊರೆಗೆ, ಹಾರ್ಮೋನುಗಳಿಗೆ, ‘ಡಿ’ ಜೀವಸತ್ವಕ್ಕೆ ಅದು ಬೇಕು. ಎಲ್‌ಡಿಎಲ್ ಬೇಕಾದ ಸರಕನ್ನೇ ಹೊತ್ತು ಬರುತ್ತದೆ. ಅತಿಯಾದಾಗ ನಾಳದ ಗೋಡೆಯೊಳಗೆ ಸಿಕ್ಕಿಕೊಳ್ಳುತ್ತದೆ. ಇಷ್ಟೆಲ್ಲ ಎಂಟು ನಿಮಿಷಕ್ಕೆ ಹಿಡಿಸುತ್ತಿತ್ತೇ? ಇಲ್ಲ. ಆಗ ಆ ಎಂಟು ನಿಮಿಷವನ್ನು ನಾಡಿ ಎಣಿಸಲು ಬಿಟ್ಟುಬಿಡಬಹುದಿತ್ತು.

ಮುಖ್ಯ ಶಿಕ್ಷಕರನ್ನು ಕೇಳಿ ಇನ್ನೊಂದು ಅವಧಿ ಪಡೆದೆ. “ಹೋದ ವಾರ ನಾನು ಹೇಳಿದ್ದರಲ್ಲಿ ತಪ್ಪಿದೆ” ಎಂದು ಶುರು ಮಾಡಿದಾಗ ತರಗತಿ ಎಂದೂ ಇಲ್ಲದಷ್ಟು ನಿಶ್ಶಬ್ದವಾಯಿತು. ಈ ಸಲ ಗಾಡಿಗಳ ಚಿತ್ರ ನಾನು ಬಿಡಿಸಲಿಲ್ಲ. ಹಳೆಯದನ್ನು ಬರೆದು, ಏನು ತಪ್ಪೆಂದು ಅವರಿಂದಲೇ ಹೇಳಿಸಿದೆ. ಗುನುಗಿದ ಹುಡುಗನೇ, “ಗಾಡಿ ಬಂದು ಹಾಡು ಹಾಕ್ಕೊಂಡು ನಿಂತರೆ ಬೀದಿ ಗುಡಿಸಿದ ಹಾಗಾ ಮಿಸ್?” ಎಂದ.

ಆ ಹುಡುಗಿ ಕೊನೆಗೆ ಕೈ ಎತ್ತಿದಳು. “ಅಷ್ಟಕ್ಕೂ ಆ ಅಂಕಿ ಯಾಕೆ ಹಾಕ್ತಾರೆ ಮಿಸ್?” ಒಳ್ಳೆಯ ಪ್ರಶ್ನೆ. ಕಡಿಮೆ ಎಚ್‌ಡಿಎಲ್ ಈಗಲೂ ಎಚ್ಚರಿಕೆಯ ಸೂಚನೆಯೇ. ಬೊಜ್ಜು, ಧೂಮಪಾನ, ಸಕ್ಕರೆ ಕಾಯಿಲೆಗಳ ಜೊತೆ ಅದು ಸಾಮಾನ್ಯವಾಗಿ ಬರುತ್ತದೆ. ಜೊತೆಗೆ ಒಂದು ಲೆಕ್ಕಕ್ಕೂ ಬೇಕು. ಯಾರದ್ದೂ ಅಲ್ಲದ ಅಂಕಿಗಳನ್ನು ಹಲಗೆಯ ಮೇಲೆ ಬರೆದೆ: ಒಟ್ಟು ಕೊಲೆಸ್ಟ್ರಾಲ್ 200, ಎಚ್‌ಡಿಎಲ್ 50. ಕಳೆದರೆ ಉಳಿಯುವ 150, ನಾಳದ ಗೋಡೆಯಲ್ಲಿ ಸಿಕ್ಕಿಕೊಳ್ಳಬಲ್ಲ ಕಣಗಳ ಪಾಲು. ಅವಳು ಪುಸ್ತಕದ ಅಂಚಿನಲ್ಲಿ ತಗ್ಗಿ ಬೇರೆ ಲೆಕ್ಕ ಮಾಡುತ್ತಿದ್ದಳು. 260ರಲ್ಲಿ 64 ಕಳೆದು 196.

ಗಂಟೆ ಹೊಡೆದ ಮೇಲೆ ಹತ್ತಿರ ಬಂದಳು. ಅಪ್ಪ ಡಾಕ್ಟರ ಹತ್ತಿರ ಹೋಗಿ ಬಂದರಂತೆ, ಮಾತ್ರೆ ಮತ್ತೆ ಶುರುವಾಗಿದೆಯಂತೆ. “ಮಿಸ್, ನಿಮ್ದೆಷ್ಟು?” ಎಂದಳು. ನಾನು ಪರೀಕ್ಷೆ ಮಾಡಿಸಿಯೇ ಇರಲಿಲ್ಲ.