ನೀರು ಕುಡಿಯುವ ಬ್ರೇಕು, ಕುಡಿಯದ ಬ್ರೇಕು

ಬೆಂಗಳೂರಿನ ಕುಕ್ ಟೌನ್, ವೀಲರ್ ರಸ್ತೆ. ನಂದಿ ಬೆಟ್ಟಕ್ಕೆ ಹೊರಟ ಎರಡು ಸೈಕಲ್‌ಗಳು. ಎರಡಕ್ಕೂ ಹೈಡ್ರಾಲಿಕ್ ಡಿಸ್ಕ್ ಬ್ರೇಕ್. ಶಿಮಾನೊ ಕಂಪನಿಯ ಬ್ರೇಕಿನೊಳಗೆ ಮಿನರಲ್ ಆಯಿಲ್, ಸ್ರ್ಯಾಮ್ ಕಂಪನಿಯದರೊಳಗೆ ಡಾಟ್ 5.1 ದ್ರವ. ಎರಡರದೂ ಒಂದೇ ಕೆಲಸ: ಬೆರಳಿನ ಒತ್ತಡವನ್ನು ಡಿಸ್ಕ್ ಹಿಡಿಯುವ ಕ್ಯಾಲಿಪರ್‌ಗೆ ಮುಟ್ಟಿಸುವುದು. ಆದರೂ ಇದರದ್ದು ಅದಕ್ಕೆ ಆಗದು. ಯಾಕೆ?

*

ಅರ್ಧ ಉತ್ತರ ರಬ್ಬರಿನಲ್ಲಿದೆ. ಮಿನರಲ್ ಆಯಿಲ್ ಬ್ರೇಕಿನ ಸೀಲು ಸಾಮಾನ್ಯವಾಗಿ ನೈಟ್ರೈಲ್, ಡಾಟ್‌ನದು ಇಪಿಡಿಎಂ. ದ್ರವ ಅದಲುಬದಲಾದರೆ ಸೀಲು ಉಬ್ಬಿ ಹಾಳಾಗುತ್ತದೆ. ಜೆ.ಸಿ. ರಸ್ತೆಗೆ ಹೋದರೆ ಬೈಕಿಗೆ ಹಾಕುವ ಡಾಟ್ 4 ಕೈಗೆ ಸಿಗುತ್ತದೆ. ಸುಲಭಕ್ಕೆ ಸಿಕ್ಕಿತೆಂದು ಶಿಮಾನೊಗೆ ಸುರಿದರೆ ಕೆಟ್ಟಿತು.

*

ಡಾಟ್ 4, ಡಾಟ್ 5.1 ಎರಡೂ ಗ್ಲೈಕಾಲ್ ಈಥರ್ ಜಾತಿ. ಗಾಳಿಯ ತೇವ ಹೀರುತ್ತವೆ. ಹೊಸ ಡಾಟ್ 5.1 ಕನಿಷ್ಠ 260 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ಶೇ 3.7ರಷ್ಟು ನೀರು ಸೇರಿದ ಮೇಲೆ 180 ಇದ್ದರೆ ಸಾಕು. ಡಾಟ್ 4ಕ್ಕೆ 230 ಮತ್ತು 155. ಚೆಲ್ಲಿದರೆ ಫ್ರೇಮಿನ ಬಣ್ಣವೂ ಏಳುತ್ತದೆ. ಹಾಗಾದರೆ ನೀರು ಮುಟ್ಟದ ಮಿನರಲ್ ಆಯಿಲೇ ಮೇಲು ಎನ್ನೋಣವೇ?

*

ತಡೆಯಿರಿ. ಅದು ಕುಡಿಯದೆ ಬಿಟ್ಟ ನೀರು ಎಲ್ಲಿ ಹೋಯಿತು? ನೀರು ಎಣ್ಣೆಗಿಂತ ಭಾರ. ಇಳಿದು ಕ್ಯಾಲಿಪರ್ ಸೇರುತ್ತದೆ. ಹೆಚ್ಚು ಕಾಯುವುದೂ ಅಲ್ಲೇ. 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಕುದಿಯಲು ಸುಮಾರು 97 ಡಿಗ್ರಿ ಸಾಕು, 1,478 ಮೀಟರಿನ ನಂದಿಯಲ್ಲಿ 95. ದ್ರವ ಹಿಸುಕಿದರೆ ಕುಗ್ಗದು, ಆವಿ ಕುಗ್ಗುತ್ತದೆ. ಇಳಿಜಾರಿನ ತಿರುವಿನಲ್ಲಿ ಲಿವರ್ ಹ್ಯಾಂಡಲ್‌ಗೆ ತಾಗಿದರೂ ಸೈಕಲ್ ನಿಲ್ಲದು. ನೀರು ಕುಡಿಯುವುದು ದೋಷವೆಂದಿದ್ದೆವು. ಕುಡಿದದ್ದು ಇಡೀ ದ್ರವದಲ್ಲಿ ಹಂಚಿಹೋಗುತ್ತದೆ, ಕುಡಿಯದ್ದು ಇರಬಾರದ ಕಡೆಯೇ ಶೇಖರವಾಗುತ್ತದೆ.

*

ಪಂಕ್ಚರ್‌ಗೆಂದು ಸೈಕಲ್ ತಲೆಕೆಳಗು ನಿಲ್ಲಿಸಿ ಎತ್ತಿದರೆ ಕೆಲವೊಮ್ಮೆ ಲಿವರ್ ಮೆತ್ತಗಾಗಿರುತ್ತದೆ. ಆವಿಯಂತೆ ಗಾಳಿಯೂ ಕುಗ್ಗುತ್ತದೆ. ಲಿವರಿನ ಪುಟ್ಟ ತೊಟ್ಟಿಯಲ್ಲಿ ಮೇಲೆ ಕುಳಿತಿದ್ದ ಗಾಳಿಗುಳ್ಳೆ ಪೈಪಿಗೆ ಹೋಗಿದೆ. ನೆಟ್ಟಗೆ ನಿಲ್ಲಿಸಿ ನಾಲ್ಕಾರು ಸಲ ಲಿವರ್ ಒತ್ತಿದರೆ ಅದು ಮರಳಿ ಮೇಲೇರಬಹುದು. ಏರದಿದ್ದರೆ ಬ್ಲೀಡಿಂಗ್ ಮಾಡಿಸಿ ಗಾಳಿ ತೆಗೆಸಬೇಕು.

*

ಡಾಟ್‌ಗೆ ಅಮೆರಿಕದ ಸಾರಿಗೆ ಇಲಾಖೆಯ ಮಾನದಂಡವಿದೆ. ಯಾವ ಕಂಪನಿಯ ಡಬ್ಬಿಯಾದರೂ ಅಂಕಿ ನೋಡಿ ಕೊಳ್ಳಬಹುದು. ಮಿನರಲ್ ಆಯಿಲ್‌ಗೆ ಅಂಥದ್ದಿಲ್ಲ. ಶಿಮಾನೊದ್ದು ಕೆಂಪು ಛಾಯೆಯದು. ಜರ್ಮನಿಯ ಮಾಗುರಾದ್ದು ನೀಲಿ, ಹೆಸರು ‘ರಾಯಲ್ ಬ್ಲಡ್’. ಡಾಟ್ ಪರ ವರ್ಷಗಟ್ಟಲೆ ನಿಂತ ಸ್ರ್ಯಾಮ್ ಕೂಡ ಡಿಬಿ8, ಮೇವನ್ ಬ್ರೇಕುಗಳಿಗೆ ಮಿನರಲ್ ಆಯಿಲನ್ನೇ ಹಾಕಿದೆ. ಇನ್ನು ಕಂಪನಿ ಹೆಸರು ನೋಡಿ ದ್ರವ ಯಾವುದೆಂದು ಹೇಳುವಂತೆಯೂ ಇಲ್ಲ. ಅಂಗಡಿಯವರಿಗೆ ಮಾಡೆಲ್ ತೋರಿಸಿಯೇ ಕೇಳಬೇಕು.