ಹೆರಿಗೆಯ ಮನೆಯಲ್ಲಿ ಅಪ್ರಮಾದ

ಹಿಂಸೆಯ ಲಕ್ಷಣವನ್ನು ನಿರೂಪಿಸುವಾಗ ಜೈನಾಚಾರ್ಯರು ಆಯುಧದ ಮಾತನ್ನು ಮೊದಲು ಎತ್ತುವುದಿಲ್ಲ. ಪ್ರಮಾದದ ಮಾತನ್ನು ಎತ್ತುತ್ತಾರೆ. ಕಷಾಯಕ್ಕೆ ವಶವಾಗಿ, ಎಚ್ಚರ ತಪ್ಪಿ ಪ್ರಾಣಗಳಿಗೆ ಘಾತ ಮಾಡುವುದೇ ಹಿಂಸೆಯೆಂಬುದು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದ ಅಭಿಪ್ರಾಯ. ಶ್ರವಣಬೆಳಗೊಳದ ಶಾಸನಗಳಲ್ಲಿ ಸ್ತುತರಾದ ಪೂಜ್ಯಪಾದಾಚಾರ್ಯರು ಅದೇ ಗ್ರಂಥಕ್ಕೆ ಬರೆದ ಸರ್ವಾರ್ಥಸಿದ್ಧಿಯಲ್ಲಿ ಒಂದು ದೃಷ್ಟಾಂತವನ್ನು ಕೊಡುತ್ತಾರೆ. ಪರಮ ಕರುಣೆಯುಳ್ಳ ವೈದ್ಯನೊಬ್ಬನು ಸಂಯಮಿಯ ಮೈಮೇಲಿನ ಕುರುವನ್ನು ಶಸ್ತ್ರದಿಂದ ಸೀಳುತ್ತಾನೆ. ನೋವಾಗುವುದು ನಿಜ, ಆದರೆ ನೋವಾಯಿತೆಂಬ ಮಾತ್ರಕ್ಕೆ ಆ ವೈದ್ಯನಿಗೆ ಪಾಪಬಂಧವಿಲ್ಲ. ಈ ದೃಷ್ಟಾಂತವನ್ನು ಸ್ವಾಧ್ಯಾಯದಲ್ಲಿ ಕೇಳಿದವರು ಅನೇಕರು. ತಮ್ಮ ಮನೆಯ ಹೆರಿಗೆಗೆ ಅನ್ವಯಿಸಿ ನೋಡಿದವರು ವಿರಳ.

ಇಂದು ಅದಕ್ಕೆ ಸಂದರ್ಭಗಳೇನೂ ಕಡಿಮೆಯಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇಕಡಾ 31.5ರಷ್ಟು ಸಿಸೇರಿಯನ್ ಶಸ್ತ್ರಕ್ರಿಯೆಯಿಂದ ಆದವು. ಇಡೀ ದೇಶದ ಲೆಕ್ಕ ಶೇಕಡಾ 21.5. 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಶೇಕಡಾ 10ರಿಂದ 15ಕ್ಕಿಂತ ಹೆಚ್ಚಿನ ಪ್ರಮಾಣಕ್ಕೆ ಸಮರ್ಥನೆಯಿಲ್ಲವೆಂಬ ಅಭಿಪ್ರಾಯವನ್ನು ನೀಡಿತ್ತು. ಅನಗತ್ಯವಾಗಿ ಶಸ್ತ್ರಕ್ರಿಯೆಗೆ ಹೋಗಬಾರದೆಂಬ ವಿವೇಕ ಎಲ್ಲರಿಗೂ ಬೇಕು. ಆದರೆ ಅವಶ್ಯವಾದಾಗ ಅದಕ್ಕೆ ಹೇಗೆ ಸಿದ್ಧರಾಗಬೇಕು, ಆಮೇಲೆ ತಾಯಿಯನ್ನು ಹೇಗೆ ನೋಡಿಕೊಳ್ಳಬೇಕು ಎಂಬುದೂ ಶ್ರಾವಕಧರ್ಮದ ಪ್ರಶ್ನೆಯೇ. ಹಾಸನ ಜಿಲ್ಲೆಯ ಒಂದು ಶ್ರಾವಕ ಕುಟುಂಬದ ಅನುಭವ ಈ ವಿಚಾರಕ್ಕೆ ಒಳ್ಳೆಯ ಉದಾಹರಣೆ.

ಆ ಕುಟುಂಬದ ಮನೆ, ಅಂಗಡಿ ಎರಡೂ ಹೊಳೆನರಸೀಪುರದಲ್ಲಿ. ಸೊಸೆಯ ತವರು ಅರಕಲಗೂಡು. ಪದ್ಧತಿಯಂತೆ ಚೊಚ್ಚಲ ಹೆರಿಗೆಗೆ ಆಕೆ ತವರಿಗೆ ಹೋಗಿದ್ದಳು. ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂ ಇರಬೇಕಾದಲ್ಲಿ 8ರ ಆಸುಪಾಸಿನಲ್ಲಿತ್ತು. ಕಬ್ಬಿಣದ ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ಮಾತ್ರೆಗಳನ್ನು ಪೆಟ್ಟಿಗೆಯಲ್ಲೇ ಇಡಲಾಗಿತ್ತು. ನಡುರಾತ್ರಿ ನೋವು ಕಾಣಿಸಿಕೊಂಡು, ಮಗು ಅಡ್ಡವಾಗಿದೆಯೆಂದು ತಿಳಿದಾಗ ಹಾಸನಕ್ಕೆ ಸುಮಾರು 30 ಕಿಲೋಮೀಟರು ದೂರದ ದಾರಿ, ಗೊತ್ತುಪಡಿಸಿದ ವಾಹನವಿಲ್ಲ, ರಕ್ತ ಕೊಡುವವರು ಯಾರೆಂಬುದೂ ಗೊತ್ತಿಲ್ಲ. ತಾಯಿ ಮಗು ಇಬ್ಬರೂ ಉಳಿದರು. ಆದರೆ ಆಕೆ ಎದ್ದು ಓಡಾಡಲು ಎರಡು ತಿಂಗಳು ಹಿಡಿಯಿತು. ಆ ರಾತ್ರಿ ಯಾರ ಮನಸ್ಸಿನಲ್ಲಿಯೂ ಕ್ರೌರ್ಯವಿರಲಿಲ್ಲ, ಇದ್ದದ್ದು ಪ್ರಮಾದ. ಆಚಾರ್ಯರು ಹೆಸರಿಟ್ಟು ಹೇಳಿದ್ದು ಅದನ್ನೇ.

ನಾಲ್ಕು ವರ್ಷಗಳ ತರುವಾಯ ಆಕೆ ಮತ್ತೆ ಗರ್ಭಿಣಿಯಾದಾಗ ಅತ್ತೆಯವರು ಮೊದಲ ತಿಂಗಳಿನಿಂದಲೇ ಎಚ್ಚರ ವಹಿಸಿದರು. ಬೆಳಿಗ್ಗೆ ರಾಗಿ ಗಂಜಿ, ವಾರಕ್ಕೆ ಮೂರು ದಿನ ನುಗ್ಗೆಸೊಪ್ಪು, ಮಧ್ಯಾಹ್ನದ ಊಟದೊಡನೆ ನಿಂಬೆರಸ, ಜೊತೆಗೆ ವೈದ್ಯರು ಬರೆದುಕೊಟ್ಟ ಕಬ್ಬಿಣದ ಮಾತ್ರೆ. ಕಬ್ಬಿಣದ ಅಂಶವು ಮೈಗೆ ಹತ್ತುವುದಕ್ಕೆ ಹುಳಿ ಸಹಾಯಕ, ಕಾಫಿ ಚಹಾಗಳು ಅಡ್ಡಿ ಎಂಬುದನ್ನು ಅವರು ಕೇಳಿ ತಿಳಿದುಕೊಂಡು, ಮಾತ್ರೆಗೂ ಕಾಫಿಗೂ ನಡುವೆ ಎರಡು ಗಂಟೆಯ ಅಂತರವಿರಿಸಿದರು. ಎಂಟನೆಯ ತಿಂಗಳಿಗೆ ಹಿಮೋಗ್ಲೋಬಿನ್ 11 ದಾಟಿತು. ಮಾಂಸಾಹಾರವಿಲ್ಲದೆ ರಕ್ತ ವೃದ್ಧಿಯಾಗದೆಂದು ಹೆದರಿಸುವವರಿಗೆ ಇದೇ ಉತ್ತರ.

ಈ ಸಲವೂ ಮಗುವಿನ ತಲೆ ಕೆಳಕ್ಕೆ ಬಂದಿರಲಿಲ್ಲ, ಗರ್ಭಕೋಶದ ಮೇಲೆ ಹಿಂದಿನ ಹೊಲಿಗೆಯ ಗಾಯವೂ ಇತ್ತು. ಆದ್ದರಿಂದ ದಿನ ಗೊತ್ತುಮಾಡಿ ಶಸ್ತ್ರಕ್ರಿಯೆ ಮಾಡುವುದೇ ಕ್ಷೇಮವೆಂದು ವೈದ್ಯರು ಹೇಳಿದರು. ಅಲ್ಲಿ ಮೊದಲ ತೊಡಕು ಎದುರಾಯಿತು. ಮಾವನವರು ಪಂಚಾಂಗ ನೋಡಿಸಿ ಒಂದು ಶುಭ ನಕ್ಷತ್ರದ ದಿನವನ್ನು ತಂದಿದ್ದರು. ಅದು 37 ವಾರ ತುಂಬುವುದಕ್ಕೂ ಮೊದಲೇ ಬರುತ್ತಿತ್ತು. ಬೇರೆ ತೊಂದರೆಯಿಲ್ಲದಿದ್ದರೆ 39 ವಾರ ತುಂಬಿದ ಮೇಲೆಯೇ ಇಂಥ ಶಸ್ತ್ರಕ್ರಿಯೆ ಮಾಡಬೇಕು, ಅದಕ್ಕೆ ಮೊದಲು ತೆಗೆದ ಮಗುವಿಗೆ ಉಸಿರಾಟದ ತೊಂದರೆಯ ಸಂಭವ ಹೆಚ್ಚು ಎಂದು ವೈದ್ಯರು ವಿವರಿಸಿದರು. ಎರಡು ದಿನ ಮನೆಯಲ್ಲಿ ಮೌನ. ಮೂರನೆಯ ದಿನ ಅತ್ತೆಯವರೇ ಮಾತು ತೆಗೆದರು:

"ಬರುವ ಜೀವ ತನ್ನ ಆಯುಷ್ಯವನ್ನು ಹಿಂದಿನ ಭವದಲ್ಲೇ ಕಟ್ಟಿಕೊಂಡು ಬಂದಿರುತ್ತದೆ ಎಂದು ನೀವೇ ಶಾಸ್ತ್ರ ಓದುವಾಗ ಹೇಳುತ್ತೀರಿ. ಹಾಗಿದ್ದ ಮೇಲೆ ನಕ್ಷತ್ರ ಹೊಸದಾಗಿ ಕೊಡುವುದೇನು? ಉಸಿರು ಬಲಿಯದ ಮಗುವನ್ನು ಎಳೆದು ತೆಗೆಸಿದರೆ ಆ ದೋಷ ಯಾರಿಗೆ?"

ಮಾವನವರು ಪಂಚಾಂಗವನ್ನು ಮಡಿಸಿಟ್ಟರು. ಕರ್ಮಸಿದ್ಧಾಂತವನ್ನು ಒಪ್ಪುವ ಮನೆಯಲ್ಲಿ ಈ ಪ್ರಶ್ನೆಗೆ ಬೇರೆ ಉತ್ತರವಿರಲು ಸಾಧ್ಯವಿಲ್ಲ. 39 ವಾರ ತುಂಬಿದ ಮೇಲೆ ವೈದ್ಯರು ಸೂಚಿಸಿದ ದಿನಗಳಲ್ಲಿ ಒಂದನ್ನು ಆರಿಸಿಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ಎರಡನೆಯ ಪ್ರಶ್ನೆಯನ್ನು ಎತ್ತಿದವಳು ಸೊಸೆಯೇ. ಹೊಟ್ಟೆಯನ್ನು ಹೊಲಿಯುವ ದಾರ ಯಾವುದರದು? ಹಿಂದಿನಿಂದ ಬಳಕೆಯಲ್ಲಿರುವ 'ಕ್ಯಾಟ್‌ಗಟ್' ಎಂಬ ದಾರವನ್ನು ಕುರಿ ಅಥವಾ ದನದ ಕರುಳಿನಿಂದ ಮಾಡುತ್ತಾರೆ. ಮೈಯಲ್ಲಿ ತಾನಾಗಿಯೇ ಕರಗುವ ಕೃತಕ ದಾರಗಳೂ ಉಂಟು. ಅವುಗಳ ಬಳಕೆ ಈಗ ವ್ಯಾಪಕ. ಮುಂಚಿತವಾಗಿ ಕೇಳಿಕೊಂಡಾಗ ವೈದ್ಯರು ಸಂತೋಷದಿಂದಲೇ ಒಪ್ಪಿದರು. ಔಷಧಿಯ ಕ್ಯಾಪ್ಸೂಲಿನ ಹೊದಿಕೆ ಸಾಮಾನ್ಯವಾಗಿ ಪ್ರಾಣಿಜನ್ಯವಾದ ಜೆಲಟಿನ್ನಿನದು. ಅದರ ಬದಲು ಮಾತ್ರೆಯೋ ದ್ರವೌಷಧವೋ ದೊರೆಯುವುದಾದರೆ ಅದನ್ನೇ ಬರೆದುಕೊಡುವುದಾಗಿಯೂ ಹೇಳಿದರು. ಶಸ್ತ್ರಕ್ರಿಯೆಯ ಮೇಜಿನ ಮೇಲೆ ಮಲಗಿದವಳಿಗೆ ಇದನ್ನೆಲ್ಲ ಕೇಳುವ ಅವಕಾಶವಿಲ್ಲ. ತಿಂಗಳ ಮೊದಲೇ ಕೇಳಿದವಳಿಗೆ ಅಹಿಂಸೆಯೂ ಉಳಿಯಿತು, ಚಿಕಿತ್ಸೆಗೂ ತೊಡಕಾಗಲಿಲ್ಲ. ಬದಲಿ ಸಿಗದ ಆಪತ್ತಿನಲ್ಲಿ ಪ್ರಾಣರಕ್ಷಣೆಯೇ ಮೊದಲೆಂಬುದನ್ನೂ ಆಕೆ ಗಂಡನಿಗೆ ಸ್ಪಷ್ಟವಾಗಿ ಹೇಳಿಟ್ಟಿದ್ದಳು.

ಮೂರನೆಯ ಸಿದ್ಧತೆ ರಕ್ತದ್ದು. ಸಿಸೇರಿಯನ್ನಿನಲ್ಲಿ ಅರ್ಧದಿಂದ ಒಂದು ಲೀಟರಿನವರೆಗೆ ರಕ್ತ ಹೋಗುವುದು ಸಾಮಾನ್ಯ. ಅದಕ್ಕೂ ಹೆಚ್ಚಾದರೆ ಹೊರಗಿನಿಂದ ಕೊಡಬೇಕಾದೀತು. ಚನ್ನರಾಯಪಟ್ಟಣದಲ್ಲಿದ್ದ ಆಕೆಯ ಭಾವನವರೂ ಅವರ ಇಬ್ಬರು ಮಿತ್ರರೂ ಮುಂಚೆಯೇ ಹಾಸನಕ್ಕೆ ಬಂದು ರಕ್ತದಾನ ಮಾಡಿದರು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಔಷಧವೂ ಅಭಯವೂ ಒಟ್ಟಿಗೆ ಸಲ್ಲುವ ದಾನ ಇದು. ಕೊಟ್ಟವರಿಗೆ ಯಾವ ಕುಂದೂ ಆಗಲಿಲ್ಲ.

ಹಾಸನವನ್ನು ಆರಿಸಿಕೊಂಡದ್ದಕ್ಕೂ ಕಾರಣವಿತ್ತು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರರಲ್ಲಿಯೂ ಸರಕಾರಿ ಆಸ್ಪತ್ರೆಗಳಿವೆ. ಆದರೂ ಎರಡನೆಯ ಶಸ್ತ್ರಕ್ರಿಯೆಯಲ್ಲಿ ತೊಡಕು ಬಂದರೆ ರಕ್ತನಿಧಿ, ನವಜಾತ ಶಿಶುಗಳ ಚಿಕಿತ್ಸೆ, ತಜ್ಞರು ಎಲ್ಲವೂ ಹತ್ತಿರವಿರುವ ಊರು ಲೇಸು. ವೈದ್ಯಕೀಯ ಕಾಲೇಜು ಇರುವ ಜಿಲ್ಲಾ ಕೇಂದ್ರ ಮೂರೂ ಊರುಗಳಿಂದ ಸುಮಾರು 40 ಕಿಲೋಮೀಟರಿನೊಳಗಿದೆ. ಖರ್ಚಿಗೆ ಅಂಜುವ ಕುಟುಂಬಗಳು ತಿಳಿದಿರಬೇಕಾದ ಮಾತೊಂದಿದೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಸಹ ಉಚಿತ. ಔಷಧ, ರಕ್ತ, ಆಸ್ಪತ್ರೆಗೆ ಹೋಗಿಬರುವ ವಾಹನ, 7 ದಿನಗಳವರೆಗೆ ಆಹಾರ ಇವೂ ಅದರಲ್ಲಿ ಸೇರಿವೆ.

ಶಸ್ತ್ರಕ್ರಿಯೆಗೆ ಮೊದಲು ಆರು ಗಂಟೆಯ ಕಾಲ ಗಟ್ಟಿ ಆಹಾರ ಕೂಡದು. ಸೂರ್ಯಾಸ್ತದ ಮೊದಲೇ ಉಣ್ಣುವ ಮನೆಯವರಿಗೆ ಈ ನಿಯಮ ಕಷ್ಟವೇನಲ್ಲ. ಹಿಂದಿನ ಸಂಜೆ ಊಟ ಮುಗಿಸಿದ ಸೊಸೆ ಬೆಳಿಗ್ಗೆ ಆಸ್ಪತ್ರೆಗೆ ಸೇರಿದಳು; ತಿಳಿನೀರನ್ನು ಮಾತ್ರ ಎರಡು ಗಂಟೆ ಮುಂಚಿನವರೆಗೆ ಕುಡಿಯಲು ವೈದ್ಯರು ಒಪ್ಪಿಗೆ ಕೊಟ್ಟಿದ್ದರು. ಬೆನ್ನಿಗೆ ಅರಿವಳಿಕೆಯ ಚುಚ್ಚುಮದ್ದು ಕೊಟ್ಟ ಮೇಲೆ ಸೊಂಟದಿಂದ ಕೆಳಕ್ಕೆ ನೋವು ತಿಳಿಯದು. ಎಚ್ಚರ ಮಾತ್ರ ಇರುತ್ತದೆ. ಆಕೆ ಮನಸ್ಸಿನಲ್ಲಿ ಪಂಚನಮಸ್ಕಾರ ಮಂತ್ರವನ್ನು ಸ್ಮರಿಸುತ್ತಿರುವಾಗಲೇ ಮಗುವಿನ ಅಳು ಕೇಳಿತು. ಹೊಲಿಗೆಯೂ ಸೇರಿ ಒಂದು ಗಂಟೆಯೊಳಗೆ ಎಲ್ಲವೂ ಮುಗಿಯಿತು.

ಮಗುವಿನ ಬಾಯಿಗೆ ಜೇನು ಸವರಬೇಕೆಂದು ಅಕ್ಕಪಕ್ಕದವರು ಹೇಳಿದಾಗ ಅರಕಲಗೂಡಿನಿಂದ ಬಂದಿದ್ದ ಬೀಗಿತ್ತಿ ತಡೆದರು. ಮಧುತ್ಯಾಗವು ಶ್ರಾವಕನ ಮೂಲಗುಣಗಳಲ್ಲಿ ಒಂದು. ವರ್ಷ ತುಂಬದ ಮಗುವಿಗೆ ಜೇನು ಅಪಾಯವೆಂದು ವೈದ್ಯಶಾಸ್ತ್ರವೂ ಹೇಳುತ್ತದೆ. ಒಂದು ಗಂಟೆಯೊಳಗೆ ತಾಯಿಯ ಎದೆಹಾಲನ್ನೇ ಕುಡಿಸಲಾಯಿತು.

ನಿಜವಾದ ಪರೀಕ್ಷೆ ಬಂದದ್ದು ಆ ರಾತ್ರಿ. ಸಂಜೆ ಏಳಕ್ಕೆ ಗಂಜಿ ಕುಡಿಯಬಹುದೆಂದು ವೈದ್ಯರು ಹೇಳಿದರು. ಸೊಸೆಗೆ ರಾತ್ರಿಭೋಜನ ತ್ಯಾಗದ ನಿಯಮವಿತ್ತು. ಪಾಕ್ಷಿಕ ಶ್ರಾವಕರಿಗೆ ರಾತ್ರಿ ನೀರು, ಔಷಧಗಳ ಮಟ್ಟಿಗೆ ಅವಕಾಶವುಂಟೆಂಬುದು ಬಲ್ಲವರಿಗೆ ತಿಳಿದ ವಿಷಯ. ಬಸದಿಯ ಹಿರಿಯರೊಬ್ಬರನ್ನು ಮೊದಲೇ ವಿಚಾರಿಸಿದ್ದಾಗ ಅವರು, "ಶಕ್ತಿಯನ್ನು ಮರೆಮಾಚದೆಯೂ ಮೀರದೆಯೂ ವ್ರತ ನಡೆಯಬೇಕು. ಬಾಣಂತಿಗೆ ಆ ಗಂಜಿಯೇ ಔಷಧ" ಎಂದಿದ್ದರು. ಆಕೆ ಕುಡಿದಳು. ಗುಣವಾದ ಮೇಲೆ ನಿಯಮವನ್ನು ಮುಂದುವರಿಸಿದಳು.

ಮರುದಿನ ಮೂತ್ರದ ನಳಿಕೆ ತೆಗೆದ ಮೇಲೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕೆಂದರು. ಹೊಟ್ಟೆ ಕೊಯ್ದವಳನ್ನು ನಡೆಸುವುದೇ ಎಂದು ಬೀಗಿತ್ತಿಯವರ ಕಣ್ಣಲ್ಲಿ ನೀರು. ಆದರೆ ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿದೆ. ಕೆಮ್ಮುವಾಗ, ಏಳುವಾಗ ಗಾಯದ ಮೇಲೆ ದಿಂಬನ್ನು ಒತ್ತಿ ಹಿಡಿಯುವುದನ್ನು ದಾದಿ ಕಲಿಸಿಕೊಟ್ಟರು. ನೋವಿನ ಮಾತ್ರೆಯನ್ನು ಬೇಡವೆಂದು ಸಹಿಸುವುದು ತಪಸ್ಸಲ್ಲ. ನೋವು ತಗ್ಗಿದರೆ ತಾನೆ ತಾಯಿ ಕುಳಿತು ಹಾಲೂಡಿಸುವುದು?

ಮನೆಗೆ ಬಂದ ಮೇಲೆ ಬಾಣಂತನದ ಹಳೆಯ ಪದ್ಧತಿಗಳಲ್ಲಿ ಕೆಲವನ್ನು ಉಳಿಸಿಕೊಂಡು ಕೆಲವನ್ನು ಬಿಡಬೇಕಾಯಿತು. ಮೆಂತ್ಯದ ಗಂಜಿ, ಸಬ್ಬಸಿಗೆ ಸೊಪ್ಪು, ಹೆಸರುಬೇಳೆಯ ತೊವ್ವೆ, ಮೆಣಸಿನ ಸಾರು ಉಳಿದವು. ಬೆಳ್ಳುಳ್ಳಿಯಿಲ್ಲದೆಯೂ ಹಾಲು ಬಂದಿತು. ಮಗು ಪದೇ ಪದೇ ಕುಡಿದಷ್ಟೂ ಹಾಲು ಹೆಚ್ಚುತ್ತದೆ. ಬಾಣಂತಿ ನೀರು ಕಡಿಮೆ ಕುಡಿಯಬೇಕೆಂಬ ಕಟ್ಟಳೆಯನ್ನು ಬಿಟ್ಟರು. ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಸುತ್ತುವುದನ್ನೂ ಗಾಯಕ್ಕೆ ಎಣ್ಣೆ ತಾಗಿಸುವುದನ್ನೂ ನಿಲ್ಲಿಸಿದರು. ಜ್ವರ, ಗಾಯದಲ್ಲಿ ಕೀವು, ಮಿತಿಮೀರಿದ ರಕ್ತಸ್ರಾವ, ಒಂದೇ ಕಾಲಿನ ಬಾವು, ತೀವ್ರ ತಲೆನೋವು, ಉಸಿರು ಕಟ್ಟುವುದು ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ಆಸ್ಪತ್ರೆಗೆ ಎಂಬ ಚೀಟಿಯನ್ನು ಮಾವನವರು ತಮ್ಮ ಅಂಗಡಿಯ ಕೈಬರಹದಲ್ಲಿಯೇ ದುಂಡಗೆ ಬರೆದು ಗೋಡೆಗೆ ಅಂಟಿಸಿದರು. ಎರಡು ವಾರ ಕಳೆದರೂ ಮನಸ್ಸಿನ ಖಿನ್ನತೆ ಹೋಗದಿದ್ದರೆ ಅದೂ ವೈದ್ಯರಿಗೆ ಹೇಳಬೇಕಾದ ವಿಷಯವೆಂದು ಸೇರಿಸಿದ್ದರು.

ಇನ್ನು ಸೂತಕದ ಮಾತು. ಜನನಸೂತಕದ ದಿನಗಳ ಲೆಕ್ಕ ಮನೆತನದಿಂದ ಮನೆತನಕ್ಕೆ ಬೇರೆ. ಬಾಣಂತಿಗೆ ಮಾತ್ರ ಎಲ್ಲೆಡೆಯೂ ದೀರ್ಘ. ಶಸ್ತ್ರಕ್ರಿಯೆಯ ಗಾಯ ಮಾಗಿ ಮೈ ಒಂದು ಹದಕ್ಕೆ ಬರಲು ಸುಮಾರು ಆರು ವಾರ ಬೇಕು. ಅಲ್ಲಿಯವರೆಗೆ ಮಗುವಿಗಿಂತ ಭಾರವಾದದ್ದನ್ನು ಎತ್ತಬಾರದು. ಆ ದಿನಗಳು ಆಕೆಗೆ ದೊರೆತ ವಿಶ್ರಾಂತಿಯಾದರೆ ಸೂತಕ ಸಾರ್ಥಕ. ಅದೇ ನೆಪದಿಂದ ಆಕೆಯನ್ನು ಮೂಲೆಯ ಕೋಣೆಯಲ್ಲಿ ಒಂಟಿಯಾಗಿ ಬಿಟ್ಟರೆ, ಕರೆದಾಗ ಯಾರೂ ಹೋಗದಿದ್ದರೆ, ಶುದ್ಧಿಯ ಹೆಸರಿನಲ್ಲಿ ನಡೆದದ್ದು ಹಿಂಸೆಯೇ. ಆ ಮನೆಯಲ್ಲಿ ಅತ್ತೆಯವರು ತಮ್ಮ ಜಪದ ಮಣೆಯನ್ನು ಬಾಣಂತಿಯ ಕೋಣೆಯ ಹೊಸ್ತಿಲ ಬಳಿಗೆ ತಂದಿಟ್ಟುಕೊಂಡು, ಮಗು ಅತ್ತಾಗಲೆಲ್ಲ ಜಪ ನಿಲ್ಲಿಸಿ ಎದ್ದರು.

ಹೊಟ್ಟೆ ಕೊಯ್ಸಿಕೊಂಡು ಹೆತ್ತವಳು ನೋವು ತಿಂದವಳಲ್ಲ, ಅದು ಸುಲಭದ ದಾರಿ ಎಂಬ ಮಾತು ಇಂದಿಗೂ ಮದುವೆ ಮುಂಜಿಗಳಲ್ಲಿ ಕೇಳಿಬರುತ್ತದೆ. ನಾಲಿಗೆಯ ಹಿಂಸೆಗೆ ಅದಕ್ಕಿಂತ ಬೇರೆ ಉದಾಹರಣೆ ಬೇಡ.

ಬಸದಿಗಳ ಆಡಳಿತ ಮಂಡಳಿಗಳು ಈ ವಿಷಯದಲ್ಲಿ ಮಾಡಬಹುದಾದದ್ದು ಬಹಳವಿದೆ. ಖರ್ಚು ಮಾತ್ರ ಅತ್ಯಲ್ಪ. ಊರಿನ ಶ್ರಾವಕರ ರಕ್ತದ ಗುಂಪುಗಳನ್ನು ಬರೆದಿಟ್ಟ ಒಂದು ಪುಸ್ತಕ, ರಾತ್ರಿ ಕರೆದರೆ ಹೊರಡಲು ಒಪ್ಪಿದ ಎರಡು ವಾಹನಗಳ ಹೆಸರು, ತವರಿನ ಆಸರೆಯಿಲ್ಲದ ಬಾಣಂತಿಗೆ ಎರಡು ವಾರ ಅಡುಗೆ ಮಾಡಿಕೊಡುವ ಶ್ರಾವಿಕೆಯರ ಸರದಿ, ಬಡ ಕುಟುಂಬಕ್ಕೆ ಬಡ್ಡಿಯಿಲ್ಲದ ಕೈಸಾಲ. ಅಭಿಷೇಕ ಪೂಜೆಗಳ ಜಮಾಖರ್ಚು ಬರೆಯುವ ಅದೇ ಕಿರ್ದಿಯಲ್ಲಿ ಇವಕ್ಕೂ ಒಂದು ಪುಟವಿದ್ದರೆ ಆ ಪುಟದಲ್ಲಿ ನಷ್ಟದ ಬಾಬತ್ತು ಬರಲಾರದು. ಗರ್ಭದಲ್ಲಿರುವ ಪಂಚೇಂದ್ರಿಯ ಜೀವಕ್ಕೂ ಅದನ್ನು ಹೊತ್ತ ತಾಯಿಗೂ ಅಭಯವನ್ನು ಕೊಡುವ ಕೆಲಸ ನೋವು ಬಂದ ರಾತ್ರಿ ಆರಂಭವಾಗತಕ್ಕದ್ದಲ್ಲ; ತಿಂಗಳುಗಳ ಮೊದಲೇ, ಅಡುಗೆಮನೆಯ ರಾಗಿ ಗಂಜಿಯಿಂದ ಆರಂಭವಾಗತಕ್ಕದ್ದು.